ಉಡುಪಿ–ಚಿಕ್ಕಮಗಳೂರು: 1952ರಿಂದ ಒಂದೇ ಪಟ್ಟಿ ಕೇಳಬೇಡಿ

ಲೋಕಸಭಾ ಚುನಾವಣೆಯ ಇತಿಹಾಸ ಕೇಳಿ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಇದೊಂದೇ ಕ್ಷೇತ್ರದ್ದು. ಅದಕ್ಕೆ 1978ರಲ್ಲಿ ಚಿಕ್ಕಮಗಳೂರಿನಿಂದ ಗೆದ್ದ ಇಂದಿರಾ ಗಾಂಧಿ ಕಾರಣ. ಪ್ರಶ್ನೆಗಳೂ ಅವೇ, ಜೊತೆಗೆ ಬರುವ ತಪ್ಪುಗಳೂ ಅವೇ. ಈ ಸಲ ಒಟ್ಟಿಗೇ ಉತ್ತರಿಸಿಬಿಡುತ್ತೇನೆ.

ಪ್ರಶ್ನೆ: ಉಡುಪಿ–ಚಿಕ್ಕಮಗಳೂರು ಕ್ಷೇತ್ರದಲ್ಲಿ 1952ರಿಂದ ಗೆದ್ದವರ ಪಟ್ಟಿ ಬೇಕು. ಮೂರು ಕಡೆ ನೋಡಿದೆ, ಮೂರೂ ಬೇರೆ ಬೇರೆ. ಯಾವುದು ಸರಿ?

ಇಲ್ಲದ ಕ್ಷೇತ್ರಕ್ಕೆ ಸರಿಯಾದ ಪಟ್ಟಿ ಎಲ್ಲಿಂದ ಬರಬೇಕು? ಉಡುಪಿ–ಚಿಕ್ಕಮಗಳೂರು ಹುಟ್ಟಿದ್ದೇ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗುರುತಿಸಿದ 2008ರ ಪುನರ್ವಿಂಗಡಣೆಯಲ್ಲಿ. ಅದರ ಮೊದಲ ಚುನಾವಣೆ 2009ರದ್ದು. ಅದಕ್ಕೂ ಹಿಂದಿನವು ಎರಡು ಬೇರೆ ಕ್ಷೇತ್ರಗಳು, ಮೊದಮೊದಲು ಎರಡು ಬೇರೆ ರಾಜ್ಯಗಳೂ ಹೌದು. ಪಟ್ಟಿಯನ್ನು ಎರಡು ಕಾಲಂನಲ್ಲಿ ಬರೆದುಕೊಳ್ಳಿ, 2009ಕ್ಕೆ ಬಂದಾಗ ಒಂದು ಮಾಡಿ.

ಕರಾವಳಿಯ ಕಾಲಂ: 1952ರಲ್ಲಿ ಇದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ (ಉತ್ತರ) ಕ್ಷೇತ್ರ. ಗೆದ್ದವರು ಕಾಂಗ್ರೆಸ್ಸಿನ ಯು. ಶ್ರೀನಿವಾಸ ಮಲ್ಯ. 1957, 1962ರಲ್ಲೂ ಅವರೇ, ಆದರೆ ಉಡುಪಿ ಎಂಬ ಹೆಸರಿನಲ್ಲಿ. 1967ರಲ್ಲಿ ಸ್ವತಂತ್ರ ಪಕ್ಷದ ಜೆ.ಎಂ. ಲೋಬೊ ಪ್ರಭು. ‘ಸ್ವತಂತ್ರ ಪಕ್ಷ’ ಎಂದಿದ್ದೇನೆ. ಇದನ್ನು ‘ಪಕ್ಷೇತರ’ ಎಂದು ಬರೆದು ಕಳಿಸುವವರಿಗೆ ಲೆಕ್ಕವೇ ಇಲ್ಲ. ಅದು ರಾಜಾಜಿಯವರ ಪಕ್ಷ. 1971ರಲ್ಲಿ ಪಿ. ರಂಗನಾಥ ಶೆಣೈ, 1977ರಲ್ಲಿ ಟಿ.ಎ. ಪೈ, 1980ರಿಂದ 1996ರವರೆಗಿನ ಐದು ಚುನಾವಣೆಗಳಲ್ಲಿ ಆಸ್ಕರ್ ಫರ್ನಾಂಡಿಸ್, ಎಲ್ಲರೂ ಕಾಂಗ್ರೆಸ್. 1998ರಲ್ಲಿ ಬಿಜೆಪಿಯ ಐ.ಎಂ. ಜಯರಾಮ ಶೆಟ್ಟಿ, 1999ರಲ್ಲಿ ಕಾಂಗ್ರೆಸ್ಸಿನ ವಿನಯ ಕುಮಾರ್ ಸೊರಕೆ, 2004ರಲ್ಲಿ ಬಿಜೆಪಿಯ ಮನೋರಮಾ ಮಧ್ವರಾಜ್.

ಮಲೆನಾಡಿನ ಕಾಲಂ: 1952ರಲ್ಲಿ ಮೈಸೂರು ರಾಜ್ಯದ ಹಾಸನ–ಚಿಕ್ಕಮಗಳೂರು ಎಂಬ ಕ್ಷೇತ್ರ, ಗೆದ್ದವರು ಎಚ್. ಸಿದ್ದನಂಜಪ್ಪ. ಚಿಕ್ಕಮಗಳೂರು ಒಂದೇ ಹೆಸರಿನ ಕ್ಷೇತ್ರವನ್ನು 1967ರಿಂದ ಲೆಕ್ಕಕ್ಕೆ ಹಿಡಿಯಿರಿ. ಆ ವರ್ಷ ಪ್ರಜಾ ಸೋಷಲಿಸ್ಟ್ ಪಕ್ಷದ ಎಂ. ಹುಚ್ಚೇಗೌಡ. 1971 ಮತ್ತು 1977ರಲ್ಲಿ ಡಿ.ಬಿ. ಚಂದ್ರೇಗೌಡ, 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ, 1980ರಲ್ಲಿ ಡಿ.ಎಂ. ಪುಟ್ಟೇಗೌಡ, 1984ರಲ್ಲಿ ಡಿ.ಕೆ. ತಾರಾದೇವಿ, 1989ರಲ್ಲಿ ಮತ್ತೆ ಪುಟ್ಟೇಗೌಡ, 1991ರಲ್ಲಿ ಮತ್ತೆ ತಾರಾದೇವಿ. 1996ರಲ್ಲಿ ಜನತಾ ದಳದ ಬಿ.ಎಲ್. ಶಂಕರ್. 1998, 1999, 2004 ಮೂರೂ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ ಅವರವು.

ಎರಡೂ ಸೇರಿದ ಮೇಲೆ: 2009ರಲ್ಲಿ ಬಿಜೆಪಿಯ ಡಿ.ವಿ. ಸದಾನಂದ ಗೌಡ, 27,018 ಮತಗಳ ಅಂತರ. ಅವರು ಮುಖ್ಯಮಂತ್ರಿಯಾಗಿ ಸ್ಥಾನ ಬಿಟ್ಟಾಗ 2012ರ ಮಾರ್ಚ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೆ. ಜಯಪ್ರಕಾಶ್ ಹೆಗ್ಡೆ. 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ.

ನಿಮ್ಮ ಮೂರು ಪಟ್ಟಿಗಳು ಯಾಕೆ ಬೇರೆಯಾದವು ಎಂಬುದಕ್ಕೆ ಬರೋಣ. ಚುನಾವಣಾ ಆಯೋಗದ ಸಾರ್ವತ್ರಿಕ ಚುನಾವಣಾ ವರದಿಯಲ್ಲಿ ಉಪಚುನಾವಣೆ ಇರುವುದಿಲ್ಲ. ಆ ವರದಿಗಳನ್ನಷ್ಟೇ ಪೋಣಿಸಿ ಪಟ್ಟಿ ಮಾಡಿದವರಿಗೆ 1978ರ ಇಂದಿರಾ ಗಾಂಧಿಯೂ ಸಿಗುವುದಿಲ್ಲ, 2012ರ ಹೆಗ್ಡೆಯವರೂ ಸಿಗುವುದಿಲ್ಲ. ‘ಈ ಕ್ಷೇತ್ರ ಹುಟ್ಟಿದಾಗಿನಿಂದ ಬಿಜೆಪಿ ಸೋತೇ ಇಲ್ಲ’ ಎಂಬ ಮಾತು ಹುಟ್ಟುವುದು ಹೀಗೆಯೇ.

ಇದಕ್ಕಿಂತ ದೊಡ್ಡ ಎಡವಟ್ಟು 2004ರ ಮತಗಳನ್ನು 2009ರ ಪಕ್ಕದಲ್ಲಿಟ್ಟು ‘ಇಷ್ಟು ಏರಿತು, ಅಷ್ಟು ಇಳಿಯಿತು’ ಎನ್ನುವುದು. ಈಗಿನ ಕ್ಷೇತ್ರದಲ್ಲಿ ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಉಡುಪಿ ಜಿಲ್ಲೆಯ ಬೈಂದೂರು ಶಿವಮೊಗ್ಗಕ್ಕೆ ಹೋಯಿತು, ಚಿಕ್ಕಮಗಳೂರು ಜಿಲ್ಲೆಯ ಕಡೂರು ಹಾಸನಕ್ಕೆ. ಬ್ರಹ್ಮಾವರ ಮತ್ತು ಬೀರೂರು ವಿಧಾನಸಭಾ ಕ್ಷೇತ್ರಗಳೇ ಇಲ್ಲವಾದವು. ಹೆಸರು ಉಳಿದ ಕಡೆಯೂ ಗಡಿ ಉಳಿದಿಲ್ಲ. ಹೋಲಿಸಲೇಬೇಕು ಎನ್ನುವವರು 2008ರ ಪುನರ್ವಿಂಗಡಣಾ ಆದೇಶದಲ್ಲಿ ಯಾವ ಹೋಬಳಿ ಎಲ್ಲಿ ಸೇರಿತೆಂದು ಗುರುತು ಮಾಡಿಕೊಂಡು, ಮತಗಟ್ಟೆವಾರು ಮತಗಳಿರುವ ಫಾರಂ 20ರಿಂದ ಹೋಬಳಿಯ ಲೆಕ್ಕ ಕಟ್ಟಬೇಕು. ಮತಗಟ್ಟೆಯ ಕ್ರಮಸಂಖ್ಯೆ ನಂಬಬೇಡಿ, ಅದು ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ. ಊರಿನ ಹೆಸರು ಹಿಡಿಯಿರಿ. ಎಂಟೂ ಕ್ಷೇತ್ರ ಕೂಡಿಸಿದ ಮೊತ್ತ ಅಂತಿಮ ಫಲಿತಾಂಶಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ, ಅಂಚೆ ಮತಗಳು ಲೋಕಸಭಾ ಮಟ್ಟದಲ್ಲಿ ಸೇರುತ್ತವೆ. ಶೇಕಡಾವಾರು ತೆಗೆಯುವಾಗ 2014ರಿಂದ ಈಚೆಗೆ ನೋಟಾ ಸೇರಿಸಿದ್ದೀರಾ, ಬಿಟ್ಟಿದ್ದೀರಾ ಎಂದು ಪಟ್ಟಿಯ ತಲೆಯಲ್ಲೇ ಬರೆಯಿರಿ. ಎರಡು ಕಡೆಯ ಶೇಕಡಾವಾರು ದಶಮಾಂಶದಲ್ಲಿ ಹೊಂದದಿರುವುದಕ್ಕೆ ಬಹುತೇಕ ಇದೇ ಕಾರಣ. ಇಷ್ಟು ಕೆಲಸ ಆಗದು ಎನ್ನುವವರು 2004 ಮತ್ತು 2009ರ ನಡುವೆ ಅಡ್ಡಗೆರೆ ಎಳೆದು ಸುಮ್ಮನಿರುವುದು ಒಳ್ಳೆಯದು.

ಪ್ರಶ್ನೆ: 1978ರಲ್ಲಿ ವೀರೇಂದ್ರ ಪಾಟೀಲರು ಠೇವಣಿ ಕಳೆದುಕೊಂಡರಂತೆ?

ಇಲ್ಲ. ಇಂದಿರಾ ಗಾಂಧಿಗೆ 2,49,376, ಜನತಾ ಪಕ್ಷದ ಪಾಟೀಲರಿಗೆ 1,72,043. ಅಂತರ 77,333. ಠೇವಣಿ ಹೋಗುವುದು ಸಿಂಧು ಮತಗಳ ಆರನೇ ಒಂದು ಭಾಗ ದಾಟದಿದ್ದರೆ, ಪಾಟೀಲರು ಅದನ್ನು ಎಂದೋ ದಾಟಿದ್ದರು. ಈ ಗೆಲುವನ್ನು ‘ಪವಾಡ’ ಎನ್ನುವವರೂ ಕೇಳಿಸಿಕೊಳ್ಳಿ: ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದ 1977ರಲ್ಲೇ ಕರ್ನಾಟಕದ 28ರಲ್ಲಿ 26 ಸ್ಥಾನ ಅದಕ್ಕೆ ಬಂದಿತ್ತು. 1978ರ ಆರಂಭದ ವಿಧಾನಸಭಾ ಚುನಾವಣೆಯಲ್ಲಿ ದೇವರಾಜ ಅರಸು ಇಂದಿರಾ ಕಾಂಗ್ರೆಸ್ಸನ್ನು ಗೆಲ್ಲಿಸಿದ್ದರು, ಭೂಸುಧಾರಣೆಯ ಫಲ ಉಂಡ ಗೇಣಿದಾರರು ಜೊತೆಗಿದ್ದರು. ಚಂದ್ರೇಗೌಡರು ರಾಜೀನಾಮೆ ಕೊಟ್ಟು ತೆರವು ಮಾಡಿದ ಈ ಸ್ಥಾನವನ್ನು ಅಳೆದು ಸುರಿದೇ ಆರಿಸಿದ್ದು.

ಪ್ರಶ್ನೆ: ಕೋರ್ಟ್ ತೀರ್ಪಿನಿಂದ ತಾನೇ ಇಂದಿರಾ ಗಾಂಧಿಯವರ ಸದಸ್ಯತ್ವ ಹೋದದ್ದು?

ಅದು ರಾಯಬರೇಲಿ, 1975ರ ಅಲಹಾಬಾದ್ ಹೈಕೋರ್ಟ್ ತೀರ್ಪು. ಇಲ್ಲಿಂದ ಗೆದ್ದ ಸದಸ್ಯತ್ವವನ್ನು ತೆಗೆದದ್ದು ಲೋಕಸಭೆಯೇ, ಸದನದ ಹಕ್ಕುಚ್ಯುತಿಯ ಕಾರಣಕ್ಕೆ, 1978ರ ಡಿಸೆಂಬರ್ 19ರಂದು. 1981ರ ಮೇನಲ್ಲಿ ಸದನ ಆ ನಿರ್ಣಯವನ್ನು ಹಿಂಪಡೆಯಿತು.

ಪ್ರಶ್ನೆ: 1980ರಲ್ಲೂ ಅವರು ಇಲ್ಲಿಂದಲೇ ನಿಂತರಲ್ಲವೇ?

ಅಲ್ಲ. ರಾಯಬರೇಲಿ ಮತ್ತು ಮೇದಕ್. ಉಳಿಸಿಕೊಂಡದ್ದು ಮೇದಕ್.

ಪ್ರಶ್ನೆ: ಕ್ಷೇತ್ರದ ಜಾತಿವಾರು ಮತದಾರರ ನಿಖರ ಸಂಖ್ಯೆ ಕೊಡಿ.

ಮತದಾರರ ಪಟ್ಟಿಯಲ್ಲಿ ಜಾತಿಯ ಕಾಲಂ ಇಲ್ಲ. ಬಿಲ್ಲವರು ಇಷ್ಟು ಲಕ್ಷ, ಒಕ್ಕಲಿಗರು ಇಷ್ಟು ಲಕ್ಷ ಎಂದು ಟಿವಿಯಲ್ಲಿ ಓದುವವರು ಪಕ್ಷದ ಕಚೇರಿಯ ಅಂದಾಜನ್ನು ಓದುತ್ತಿರುತ್ತಾರೆ. ಒಂದೇ ಕ್ಷೇತ್ರಕ್ಕೆ ಸೇರಿದ ಅಂಥ ಅಂಕಿಗಳನ್ನೆಲ್ಲ ಕೂಡಿಸಿ ನೋಡಿ, ಒಟ್ಟು ಮತದಾರರ ಸಂಖ್ಯೆಗೆ ತಾಳೆಯಾದರೆ ಆಮೇಲೆ ಪತ್ರ ಬರೆಯಿರಿ.

ಪ್ರಶ್ನೆ: 2019ರ ಪಟ್ಟಿಯಲ್ಲಿ ಕಾಂಗ್ರೆಸ್ಸಿಗೆ ಮತವೇ ಇಲ್ಲ. ಮುದ್ರಣದೋಷವೇ?

ದೋಷವಲ್ಲ. ಮೈತ್ರಿಯಲ್ಲಿ ಸ್ಥಾನ ಜೆಡಿಎಸ್‌ಗೆ ಹೋಯಿತು. ಕಾಂಗ್ರೆಸ್ಸಿನಲ್ಲೇ ಇದ್ದ ಪ್ರಮೋದ್ ಮಧ್ವರಾಜ್ ಜೆಡಿಎಸ್ ಚಿಹ್ನೆಯಲ್ಲಿ ನಿಂತು 3,49,599 ಮತಗಳಿಂದ ಸೋತರು. ಇದನ್ನು ನೋಡಿ ‘ಕರಾವಳಿಯಲ್ಲಿ ದಳದ ಅಲೆ’ ಎಂದು ಒಬ್ಬರು ಬರೆದಿದ್ದಾರೆ. ಪಕ್ಷದ ಕಾಲಂ ಪಕ್ಕ ‘ಮೈತ್ರಿ’ ಎಂದು ಇನ್ನೊಂದು ಕಾಲಂ ಹಾಕಿಕೊಂಡರೆ ಇಂಥ ಅಲೆಗಳು ಏಳುವುದಿಲ್ಲ.