ಕಾರ್ನಿವಲ್‌ಗೆ ರೈಲಿನಲ್ಲಿ: ಕರ್ಮಳಿಯಲ್ಲಿ ಇಳಿಯಬೇಕೋ, ಮಡಗಾಂವಲ್ಲೋ?

ಮಾರ್ಗದರ್ಶಿ ಜೊತೆಗಿರುವ ರೈಲು ಪ್ಯಾಕೇಜಿನಲ್ಲಿ ಗೋವಾ ಕಾರ್ನಿವಲ್‌ಗೆ ಹೋಗುವ ಬಗ್ಗೆ ಮುಂಬಯಿ, ಪುಣೆ, ಗೋವಾದ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಿಂದೊಮ್ಮೆ ಪ್ರವಾಸ ಏರ್ಪಡಿಸುವವರು “ನಾಲ್ಕು ದಿನ ಕಾರ್ನಿವಲ್, ಯಾವಾಗ ಬಂದರೂ ನಡೆಯುತ್ತದೆ” ಎಂದು ಹೇಳಿ ನಮ್ಮನ್ನು ಶನಿವಾರ ರಾತ್ರಿ ಪಣಜಿಗೆ ಮುಟ್ಟಿಸಿದರು. ಅಷ್ಟರಲ್ಲಿ ಮೆರವಣಿಗೆ ಮುಗಿದಿತ್ತು. 2027ಕ್ಕೆ ದಿನ ಗೊತ್ತುಮಾಡುವುದು ಹೇಗೆ? (ಮಾಟುಂಗಾದ ಓದುಗರು)

ಉತ್ತರ: ನಾಲ್ಕು ದಿನ ಎಂಬುದು ನಿಜ. ಆದರೆ ನಾಲ್ಕೂ ದಿನ ಒಂದೇ ಊರಿನಲ್ಲಿ ಅಲ್ಲ. ದೊಡ್ಡ ಮೆರವಣಿಗೆ ಶನಿವಾರ ಪಣಜಿಯಲ್ಲಿ, ಭಾನುವಾರ ಮಡಗಾಂವಲ್ಲಿ, ಸೋಮವಾರ ವಾಸ್ಕೊದಲ್ಲಿ, ಮಂಗಳವಾರ ಮಾಪ್ಸಾದಲ್ಲಿ ಎಂಬುದು ರೂಢಿ. ಈಚಿನ ವರ್ಷಗಳಲ್ಲಿ ಶುಕ್ರವಾರ ಸಂಜೆ ಪಣಜಿಯ ಆಚೆ ದಡದ ಪರ್ವರಿಯಲ್ಲಿ ಒಂದು ಮುನ್ನೋಟದ ಮೆರವಣಿಗೆಯೂ ಸೇರಿಕೊಂಡಿದೆ. ಪಣಜಿಯ ಶನಿವಾರ ತಪ್ಪಿದರೆ ಭಾನುವಾರ ಅಲ್ಲಿ ಕಾಯುತ್ತ ಕೂರಬೇಡಿ, ಮಡಗಾಂವಿಗೆ ಹೋಗಿ.

ದಿನ ಗೊತ್ತುಮಾಡಲು ಈಸ್ಟರ್ ಭಾನುವಾರದಿಂದ ಹಿಂದಕ್ಕೆ ಎಣಿಸಬೇಕು. ಅದಕ್ಕೆ 46 ದಿನ ಮೊದಲು ಬರುವುದು ಬೂದಿ ಬುಧವಾರ. ಅಂದಿನಿಂದ ಕ್ರೈಸ್ತರ ತಪಸ್ಸಿನ ಕಾಲ ಶುರು, ಮಂಗಳವಾರ ರಾತ್ರಿಗೆ ಕಾರ್ನಿವಲ್ ಮುಗಿಯುತ್ತದೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ, ಬೂದಿ ಬುಧವಾರ ಫೆಬ್ರವರಿ 10ಕ್ಕೆ. ಹಾಗಾಗಿ ಕಾರ್ನಿವಲ್ ಫೆಬ್ರವರಿ 6ರಿಂದ 9. ಮರುವರ್ಷ, 2028ರಲ್ಲಿ, ಅದು ಫೆಬ್ರವರಿ 26ರಿಂದ 29ಕ್ಕೆ ಜರುಗುತ್ತದೆ. ಕಳೆದ ವರ್ಷದ ತಾರೀಖು ನೋಡಿ ರಜೆ ಹಾಕಿದವರು ಎಡವುವುದು ಇಲ್ಲೇ.

ಮುಂಬಯಿಯಿಂದ ಹೋಗುವವರು ಶುಕ್ರವಾರ ಮಧ್ಯಾಹ್ನದೊಳಗೆ ಗೋವಾ ಮುಟ್ಟುವಂತೆ ಹೊರಡುವುದು ಮೇಲು. ಗುರುವಾರ ರಾತ್ರಿಯ ಕೊಂಕಣ ಕನ್ಯಾ ಹಿಡಿದರೆ ಶುಕ್ರವಾರ ಬೆಳಿಗ್ಗೆ ಪಣಜಿಗೆ ಹತ್ತಿರದ ನಿಲ್ದಾಣವಾದ ಕರ್ಮಳಿ. ವಂದೇ ಭಾರತ್ ನಂಬಿ ಕೂತವರು ಎರಡು ವಿಷಯ ಮರೆಯುತ್ತಾರೆ. ಶುಕ್ರವಾರ ಆ ಗಾಡಿಗೆ ರಜೆ. ಜೊತೆಗೆ ಅದು ಕರ್ಮಳಿಯಲ್ಲಿ ನಿಲ್ಲುವುದಿಲ್ಲ, ಗೋವಾದಲ್ಲಿ ಥಿವಿಂ ಮತ್ತು ಮಡಗಾಂವಲ್ಲಿ ಮಾತ್ರ ನಿಲುಗಡೆ. ಶನಿವಾರದ ಗಾಡಿಯಲ್ಲಿ ಬಂದರೆ ಮಡಗಾಂವಿಗೆ ಮಧ್ಯಾಹ್ನ ಒಂದು ಗಂಟೆಯ ಮೇಲೆ. ಅಲ್ಲಿಂದ ಪಣಜಿ 33 ಕಿ.ಮೀ. ಊಟ, ಟ್ಯಾಕ್ಸಿ, ಮುಚ್ಚಿದ ರಸ್ತೆಗಳು ಎಲ್ಲ ಸೇರಿ ಮೆರವಣಿಗೆಯ ಮೊದಲ ಭಾಗ ಕೈತಪ್ಪುತ್ತದೆ. ಶನಿವಾರವೇ ಬರುವುದು ಅನಿವಾರ್ಯವಾದರೆ ಮಡಗಾಂವಿಗಿಂತ ಮೊದಲೇ ಬರುವ ಥಿವಿಂನಲ್ಲಿ ಇಳಿಯಿರಿ.

ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು, ಬೆಳಿಗ್ಗೆ 8ಕ್ಕೆ. 2027ರ ಫೆಬ್ರವರಿ 4ರ ರಾತ್ರಿಯ ಗಾಡಿಗೆ 2026ರ ಡಿಸೆಂಬರ್ 6, ಭಾನುವಾರ. ತೆರೆಯುವ ದಿನ ಆನ್‌ಲೈನ್‌ನಲ್ಲಿ ಕೊಳ್ಳಲು ಆಧಾರ್ ದೃಢೀಕರಿಸಿದ ಖಾತೆ ಬೇಕು. ಆ ಕೆಲಸವನ್ನು ಅದೇ ಬೆಳಿಗ್ಗೆಗೆ ಇಟ್ಟುಕೊಂಡರೆ ಒಟಿಪಿಗೆ ಕಾಯುವಷ್ಟರಲ್ಲಿ ಕೆಳ ಬರ್ತುಗಳು ಖಾಲಿಯಾಗಿರುತ್ತವೆ.

ಪ್ರಶ್ನೆ: ನಾವು ಹದಿನಾಲ್ಕು ಜನ, ಅದರಲ್ಲಿ ನಾಲ್ವರು 65 ದಾಟಿದವರು. “ಟಿಕೆಟ್, ಹೋಟೆಲ್ ಎಲ್ಲ ನಮಗೆ ಬಿಡಿ” ಎನ್ನುತ್ತಾರೆ ಪ್ಯಾಕೇಜಿನವರು. ನಂಬಬಹುದೆ? ಏನೇನು ಕೇಳಬೇಕು? (ಡೊಂಬಿವಲಿಯ ಮಹಿಳಾ ಮಂಡಳಿಯವರು)

ಉತ್ತರ: ಬಿಡಬಹುದು, ಆದರೆ ಪಿಎನ್‌ಆರ್ ಕೈಗೆ ಬಂದ ಮೇಲೆ. ಮುಂಗಡ ಕೊಟ್ಟ ವಾರದೊಳಗೆ ಪ್ರತಿಯೊಬ್ಬರ ಪಿಎನ್‌ಆರ್ ಕೇಳಿ, ಸ್ಥಿತಿ ನೀವೇ ನೋಡಿ. ‘ಕನ್‌ಫರ್ಮ್’ ಎಂದಿದ್ದರೆ ಸರಿ. ‘ವೇಟಿಂಗ್’ ಎಂದಿದ್ದರೆ ಯಾವ ಬಗೆಯದು ಎಂದು ನೋಡಬೇಕು. ಗಾಡಿ ಹೊರಡುವ ನಿಲ್ದಾಣದಿಂದ ಕೊಂಡ ಸಾಮಾನ್ಯ ವೇಟಿಂಗ್ ಹತ್ತಿಪ್ಪತ್ತರೊಳಗಿದ್ದರೆ ಸರಿಯುವ ಸಂಭವ ಇರುತ್ತದೆ. ನಡುವಿನ ನಿಲ್ದಾಣಗಳಿಗೆ ಮೀಸಲಾದ ಪೂಲ್ಡ್ ಅಥವಾ ರಿಮೋಟ್ ಕೋಟಾದ ವೇಟಿಂಗ್ ಸರಿಯುವುದು ತೀರ ನಿಧಾನ, ಯಾಕೆಂದರೆ ಆ ಕೋಟಾದ ಸೀಟುಗಳೇ ಕಡಿಮೆ. ಚಾರ್ಟ್ ಆಗುವಾಗ ಇ-ಟಿಕೆಟ್‌ನ ಎಲ್ಲ ಹೆಸರೂ ವೇಟಿಂಗ್‌ನಲ್ಲೇ ಉಳಿದರೆ ಆ ಟಿಕೆಟ್ ತಾನಾಗಿಯೇ ರದ್ದಾಗುತ್ತದೆ, ಹಣ ಬುಕ್ ಮಾಡಿದವರ ಖಾತೆಗೆ ವಾಪಸು ಹೋಗುತ್ತದೆ. ಅಂದರೆ ನಿಮಗಲ್ಲ, ಪ್ಯಾಕೇಜಿನವರಿಗೆ. ಅದನ್ನು ನಿಮಗೆ ಎಷ್ಟು ದಿನದಲ್ಲಿ ಮರಳಿಸುತ್ತಾರೆ ಎಂಬುದು ಬರಹದಲ್ಲಿ ಇರಲಿ.

ಟಿಕೆಟ್‌ನಲ್ಲಿ ಅಧಿಕೃತ ಏಜೆಂಟರ ಹೆಸರಿದೆಯೇ ನೋಡಿ. ಸ್ವಂತ ಬಳಕೆಯ ಖಾತೆಯಿಂದ ಕೊಂಡು ಮಾರುವುದು ರೈಲ್ವೆ ಕಾಯ್ದೆಯ 143ನೇ ಕಲಮಿನ ಪ್ರಕಾರ ಅಪರಾಧ. ಸಿಕ್ಕಿಬಿದ್ದರೆ ಮಾರಿದವರ ಜೊತೆಗೆ ನಿಮ್ಮ ಪ್ರಯಾಣವೂ ಕೆಡುತ್ತದೆ.

ಹಿರಿಯರ ಬರ್ತಿನ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳ ಬರ್ತಿನ ಕೋಟಾ ಇದೆ. ಆದರೆ ಅದು ಸಿಗುವುದು ಒಂದು ಟಿಕೆಟ್‌ನಲ್ಲಿ ಅಂಥವರು ಒಬ್ಬರೋ ಇಬ್ಬರೋ ಮಾತ್ರ ಇದ್ದಾಗ. ಆರು ಜನರ ಟಿಕೆಟ್‌ನಲ್ಲಿ ಅಜ್ಜಿಯನ್ನೂ ಸೇರಿಸಿದರೆ ಆ ಕೋಟಾ ಅನ್ವಯಿಸುವುದೇ ಇಲ್ಲ, ಅಜ್ಜಿಗೆ ಮೇಲಿನ ಬರ್ತು ಬಂದೀತು. ನಿಮ್ಮ ನಾಲ್ವರನ್ನು ಇಬ್ಬಿಬ್ಬರಂತೆ ಎರಡು ಟಿಕೆಟ್ ಮಾಡಿಸಿ, ಉಳಿದ ಹತ್ತು ಮಂದಿಯನ್ನು ಆರು ಮತ್ತು ನಾಲ್ಕಾಗಿ ಒಡೆಯಲು ಹೇಳಿ. ಬೋಗಿ ಬೇರೆಯಾದರೆ ಹಿರಿಯರ ಬೋಗಿಯಲ್ಲೇ ಗಟ್ಟಿಗರೊಬ್ಬರು ಇರಲಿ. ಹಿರಿಯರ ದರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿದೆ, ಅದನ್ನು ಕೊಡಿಸುತ್ತೇವೆ ಎನ್ನುವವರ ಮಾತು ಅಲ್ಲಿಗೇ ನಿಲ್ಲಿಸಿ.

ಇನ್ನು ಕಾರ್ಯಕ್ರಮದ ಪಟ್ಟಿ. “6 ದಿನ, 5 ರಾತ್ರಿ” ಎಂದು ಬರೆದಿದ್ದರೆ ಬೆರಳು ಮಡಚಿ ಎಣಿಸಿ: ಹೋಗುವ ರಾತ್ರಿ ರೈಲಿನಲ್ಲಿ, ಬರುವ ರಾತ್ರಿ ರೈಲಿನಲ್ಲಿ, ಹೋಟೆಲಿನ ರಾತ್ರಿ ಮೂರೇ. ಬೆಳಿಗ್ಗೆ ಇಳಿದವರಿಗೆ ಕೋಣೆ ಸಿಗುವುದು ಸಾಮಾನ್ಯವಾಗಿ ಹನ್ನೆರಡರ ನಂತರ, ಅಲ್ಲಿಯತನಕ ಸ್ನಾನಕ್ಕೆ, ಲಗೇಜಿಗೆ ಏನು ಏರ್ಪಾಡು ಎಂದು ಕೇಳಿ. ಹೋಟೆಲಿನ ಹೆಸರು ಮತ್ತು ಊರು ಎರಡೂ ಪಟ್ಟಿಯಲ್ಲಿ ಬೇಕು. “ಗೋವಾದಲ್ಲಿ ವಾಸ್ತವ್ಯ” ಎಂದು ಬರೆದು ಕಲಂಗುಟ್‌ನಲ್ಲಿ ಇಳಿಸಿದರೆ ಶನಿವಾರ ಸಂಜೆ ಪಣಜಿಯಿಂದ ಮರಳುವಾಗ ಮಾಂಡವಿ ಸೇತುವೆಯ ಮೇಲೆ ಬಸ್ಸಿನಲ್ಲೇ ಕೂತಿರಬೇಕಾಗುತ್ತದೆ. ಶುಕ್ರವಾರ, ಶನಿವಾರ ಪಣಜಿಯಲ್ಲಿ, ಭಾನುವಾರದಿಂದ ಮಡಗಾಂವಲ್ಲಿ ಉಳಿಯುವ ಪ್ಯಾಕೇಜು ತುಸು ದುಬಾರಿಯಾದರೂ ಅದನ್ನೇ ಹಿಡಿಯಿರಿ ಎಂಬುದು ನಮ್ಮ ಖಚಿತ ಸಲಹೆ.

ಪ್ರಶ್ನೆ: ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಸರಿಯೇ, ಪನವೇಲಿಗೆ ಹೋಗಿ ಕೊಂಕಣ ರೈಲು ಹಿಡಿಯುವುದು ಸರಿಯೇ? ದೂಧಸಾಗರವೂ ಕಾಣಬೇಕು. (ಪಿಂಪ್ರಿಯ ಓದುಗರು)

ಉತ್ತರ: ಗೋವಾ ಎಕ್ಸ್‌ಪ್ರೆಸ್‌ಗೇ ನಮ್ಮ ಮತ. ಮೀರಜ್, ಬೆಳಗಾವಿ, ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಹಾದು ನಸುಕಿಗೆ ಮಡಗಾಂವ್, ಆಮೇಲೆ ವಾಸ್ಕೊ. ಪನವೇಲಿನ ತನಕ ಬಸ್ಸು, ಅಲ್ಲಿ ನಡುರಾತ್ರಿ ಕಾಯುವುದು ಎಲ್ಲ ತಪ್ಪುತ್ತದೆ.

ಬುಕಿಂಗ್ ತಾರೀಖಿನಲ್ಲಿ ಒಂದು ಸೂಕ್ಷ್ಮ ಇದೆ. 60 ದಿನವನ್ನು ಎಣಿಸುವುದು ಗಾಡಿ ತನ್ನ ಮೊದಲ ನಿಲ್ದಾಣ ಬಿಡುವ ದಿನದಿಂದ. ಇದು ನಿಜಾಮುದ್ದೀನ್ ಬಿಟ್ಟ ಮರುದಿನ ಪುಣೆಗೆ ಬರುವ ಗಾಡಿ. ಆದ್ದರಿಂದ ಪುಣೆಯಲ್ಲಿ ಫೆಬ್ರವರಿ 4ಕ್ಕೆ ಹತ್ತುವವರಿಗೆ ಬುಕಿಂಗ್ ತೆರೆಯುವುದು ಡಿಸೆಂಬರ್ 5ಕ್ಕೆ, 6ಕ್ಕಲ್ಲ. ಒಂದು ದಿನ ತಡವಾಗಿ ಎದ್ದವರಿಗೆ ಪೂಲ್ಡ್ ವೇಟಿಂಗ್ ಗತಿ.

ಹೋಗುವಾಗ ಘಟ್ಟ ಇಳಿಯುವುದು ಕತ್ತಲಲ್ಲಿ, ದೂಧಸಾಗರ ಕಾಣದು. ಬರುವಾಗ ಗಾಡಿ ವಾಸ್ಕೊ ಬಿಡುವುದು ಮಧ್ಯಾಹ್ನದ ಮೇಲೆ, ಹಗಲು ಬೆಳಕಿನಲ್ಲೇ ಕುಳೆಂನಿಂದ ಘಟ್ಟ ಹತ್ತುತ್ತದೆ. ಏರು 37ಕ್ಕೆ 1ರಂತೆ ಇರುವುದರಿಂದ ಕುಳೆಂನಲ್ಲಿ ಹಿಂದಿನಿಂದ ನೂಕಲು ಹೆಚ್ಚಿನ ಎಂಜಿನ್ ಜೋಡಿಸುತ್ತಾರೆ. ಅದಕ್ಕಾಗಿ ಗಾಡಿ ನಿಂತಾಗ ಏನೋ ಕೆಟ್ಟಿತೆಂದು ಗಾಬರಿ ಬೇಡ. ಫೆಬ್ರವರಿಯಲ್ಲಿ ಜಲಪಾತ ಮಳೆಗಾಲದ ಹಾಗೆ ಹಾಲಿನ ಹೊಳೆಯಲ್ಲ, ಬಂಡೆಯ ಮೇಲೆ ತೆಳುವಾಗಿ ಇಳಿಯುವ ನೀರು. ಅಲ್ಲಿ ಗಾಡಿ ನಿಧಾನಿಸಿದರೆ ಇಳಿಯಬಾರದು. ಹತ್ತಿರದಿಂದ ನೋಡಬೇಕಿದ್ದರೆ ಕುಳೆಂನಿಂದ ಹೋಗುವ ಜೀಪುಗಳಿವೆ, ಅದಕ್ಕೆ ಅರ್ಧ ದಿನ ಬೇರೆಯೇ ಇಡಬೇಕು.

ಪ್ರಶ್ನೆ: ಆರು ವರ್ಷದ ಮಗಳು, ಮಂಡಿನೋವಿನ ಅತ್ತೆ ಜೊತೆಗಿದ್ದಾರೆ. ಪಣಜಿಯ ಮೆರವಣಿಗೆಗೆ ಎಲ್ಲಿ ನಿಂತರೆ ಒಳ್ಳೆಯದು? ಟಿಕೆಟ್ ಇದೆಯೆ? (ಠಾಣೆಯ ಓದುಗರು)

ಉತ್ತರ: ರಸ್ತೆಬದಿ ನಿಂತು ನೋಡಲು ಟಿಕೆಟ್ ಇಲ್ಲ. ದಾರಿ ವರ್ಷ ವರ್ಷ ಸ್ವಲ್ಪ ಬದಲಾಗುತ್ತದೆ, ಹಿಂದಿನ ದಿನದ ಗೋವಾ ಪತ್ರಿಕೆಯಲ್ಲಿ ಸಂಚಾರ ಪೊಲೀಸರ ಪ್ರಕಟಣೆ ನೋಡಿ. ಮೆರವಣಿಗೆ ಮಾಂಡವಿಯ ದಂಡೆಯ ರಸ್ತೆಯಲ್ಲಿ ಬರುವುದಾದರೆ ಹೊಳೆಯ ಬದಿ ಬಿಟ್ಟು ಕಟ್ಟಡಗಳ ಬದಿಯ ಫುಟ್‌ಪಾತ್ ಹಿಡಿಯಿರಿ. ಪಣಜಿಯಲ್ಲಿ ಹೊಳೆ ಇರುವುದು ಉತ್ತರಕ್ಕೆ. ಫೆಬ್ರವರಿಯ ನಾಲ್ಕು ಗಂಟೆಯ ಬಿಸಿಲು ನೈಋತ್ಯದ ಕಡೆಯಿಂದ ಬರುತ್ತದೆ. ಹೊಳೆಗೆ ಬೆನ್ನು ಹಾಕಿ ನಿಂತವರಿಗೆ ಎರಡು ತಾಸು ಬಿಸಿಲು ಮುಖಕ್ಕೇ, ಫೋಟೊಗಳೂ ಕಪ್ಪು. ಕಟ್ಟಡದ ಬದಿಯಲ್ಲಿ ನಿಂತರೆ ಬಿಸಿಲು ಬೆನ್ನಿಗೆ, ಗೋಡೆಯ ನೆರಳು ತಲೆಗೆ, ಅತ್ತೆಯವರಿಗೆ ಮಡಚುವ ಸ್ಟೂಲ್ ಹಾಕಲು ಜಾಗ, ಬೇಕೆಂದಾಗ ಹಿಂದಿನ ಗಲ್ಲಿಗೆ ಸರಿಯಲು ದಾರಿ.

ಮೂರು ಗಂಟೆಗೆಲ್ಲ ಜಾಗ ಹಿಡಿದಿರಬೇಕು. ಎಲ್ಲಕ್ಕಿಂತ ಮುಂದೆ ಹಬ್ಬದ ಅಣಕು ರಾಜ ಕಿಂಗ್ ಮೋಮೊನ ವಾಹನ, ‘ತಿನ್ನಿ, ಕುಡಿಯಿರಿ, ಮಜಾ ಮಾಡಿ’ ಎಂಬ ಅವನ ಅಪ್ಪಣೆಯಿಂದಲೇ ಹಬ್ಬ ಶುರು. ಹಿಂದೆ ಹಳ್ಳಿ ಬದುಕಿನ ಫ್ಲೋಟ್‌ಗಳು: ತಿರುಗಣಿಯ ಮೇಲೆ ಮಡಕೆ ಮಾಡುವವರು, ಬಲೆ ಬೀಸುವವರು, ಕಳ್ಳು ಇಳಿಸುವವರು, ಎಲ್ಲ ಲಾರಿಯ ಹಲಗೆಯ ಮೇಲೆ ನಿಜವಾದ ಸಾಮಾನಿನ ಜೊತೆ. ಬಹುಮಾನ ಇರುವುದರಿಂದ ಪ್ರತಿ ತಂಡವೂ ತೀರ್ಪುಗಾರರ ವೇದಿಕೆ ಎದುರು ನಿಂತು ಕುಣಿಯುತ್ತದೆ. ಅದರಿಂದ ಹಿಂದಿನವು ತಡೆಯುತ್ತವೆ, ಹತ್ತು ನಿಮಿಷ ರಸ್ತೆ ಖಾಲಿ ಕಾಣುತ್ತದೆ. ಮುಗಿಯಿತೆಂದು ಎದ್ದು ಹೋಗಬೇಡಿ. ವೇದಿಕೆಯ ಬಳಿ ನೂಕುನುಗ್ಗಲು, ವೇದಿಕೆ ದಾಟಿದ ತಂಡಗಳಿಗೆ ದಣಿವು. ಹೊರಡುವ ಜಾಗಕ್ಕೂ ವೇದಿಕೆಗೂ ನಡುವೆ ನಿಂತವರಿಗೆ ಒಳ್ಳೆಯ ಕುಣಿತ ಸಿಗುತ್ತದೆ.

ಮಗುವಿನ ಕಿವಿಯ ಬಗ್ಗೆ ಹೇಳಲೇಬೇಕು. ಕೆಲವು ಲಾರಿಗಳಲ್ಲಿ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳಿರುತ್ತವೆ, ಎರಡು ಮಾರು ದೂರದಲ್ಲಿ ನಿಂತರೆ ಎದೆ ಅದುರುತ್ತದೆ. ಬರಿ ಹತ್ತಿ ಸಾಲದು, ಮಕ್ಕಳ ಇಯರ್‌ಮಫ್ ತನ್ನಿ. ಮಗುವಿನ ಕೈಗೆ ನಿಮ್ಮ ಮೊಬೈಲ್ ನಂಬರ್ ಬರೆಯಿರಿ. ಗದ್ದಲದಲ್ಲಿ ಫೋನ್ ಸರಿಯಾಗಿ ಹತ್ತುವುದಿಲ್ಲ, ಹಾಗಾಗಿ ತಪ್ಪಿಸಿಕೊಂಡರೆ ಸೇರುವ ಜಾಗ ಮೊದಲೇ ಗೊತ್ತುಮಾಡಿ: ಬಿಳಿ ಮೆಟ್ಟಿಲುಗಳ ದೊಡ್ಡ ಇಗರ್ಜಿಯ ಎದುರು ಎಂದರೆ ಯಾರಾದರೂ ತೋರಿಸುತ್ತಾರೆ. ಸೂರ್ಯ ಮುಳುಗುವುದು ಆರೂವರೆ ಸುಮಾರಿಗೆ. ಆ ಹೊತ್ತಿಗೆ ಎದ್ದರೆ ಅತ್ತೆಯವರನ್ನು ಜನ ಚೆದುರುವ ಮುನ್ನ ಹೋಟೆಲಿಗೆ ಸೇರಿಸಬಹುದು.

ಪ್ರಶ್ನೆ: ವರ್ಷವೂ ಇಲ್ಲಿ ವಾಸ್ಕೊದಲ್ಲಿ ಲಾರಿಗಳ ಸಾಲು ನೋಡುತ್ತೇವೆ. ಊರಿಂದ ಬರುವ ನೆಂಟರಿಗೆ ತೋರಿಸಲು ಇದಕ್ಕಿಂತ ಹಳೆಯದು ಏನಾದರೂ ಉಳಿದಿದೆಯೆ? (ವಾಸ್ಕೊದ ಓದುಗರು)

ಉತ್ತರ: ಉಳಿದಿದೆ, ಪ್ಯಾಕೇಜಿನವರು ತೋರಿಸುವುದಿಲ್ಲ ಅಷ್ಟೆ. ಹಳ್ಳಿಗರ ಬಾಯಲ್ಲಿ ಇದು ‘ಇಂತ್ರುಜ್’. ಮಡಗಾಂವ್ ಸುತ್ತಲಿನ ಸಾಸಷ್ಟಿ ತಾಲ್ಲೂಕಿನ ಹಳ್ಳಿಗಳಲ್ಲಿ ಈ ದಿನಗಳಲ್ಲಿ ‘ಖೆಳ್’ ಆಟಗಳು ನಡೆಯುತ್ತವೆ. ಕೊಂಕಣಿಯ ಬೀದಿ ನಾಟಕ, ಹಾಡು, ಊರ ದೊಡ್ಡವರ ಲೇವಡಿ ಎಲ್ಲ ಅದರಲ್ಲಿ. ಕರಾವಳಿ ಕನ್ನಡಿಗರಿಗೆ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ನಮ್ಮವರು ನೋಡಲೇಬೇಕಾದದ್ದು ಚಾಂದೋರದ ‘ಮುಸಳ್ ಖೆಳ್’. ಮುಸಳ್ ಎಂದರೆ ಒನಕೆ. ಕಾರ್ನಿವಲ್‌ನ ಸೋಮವಾರ ರಾತ್ರಿ ಅಲ್ಲಿನ ಕ್ರೈಸ್ತ ಮನೆತನಗಳ ಗಂಡಸರು ಒನಕೆ ನೆಲಕ್ಕೆ ಕುಟ್ಟುತ್ತ ಹಾಡುತ್ತ ಕುಣಿಯುತ್ತಾರೆ. ವಿಜಯನಗರದ ಹರಿಹರನ ಗೆಲುವಿನ ನೆನಪು ಅದು ಎಂಬುದು ಊರಿನ ಪರಂಪರೆ. ಚಾಂದೋರ ಅಂದರೆ ಹಳೆಯ ಚಂದ್ರಪುರ, ಗೋಪಕಪಟ್ಟಣಕ್ಕೆ ಹೋಗುವ ಮುನ್ನ ಗೋವಾ ಕದಂಬರ ರಾಜಧಾನಿ. ನೀವು ದಿನಾ ಹತ್ತುವ ಕದಂಬ ಬಸ್ಸಿನ ಹೆಸರೂ ಆ ಮನೆತನದ್ದೇ. ಮಡಗಾಂವಿನಿಂದ ಹೋಗಿಬರಲು ಗಾಡಿಯನ್ನು ಮೊದಲೇ ಗೊತ್ತುಮಾಡಿ, ರಾತ್ರಿ ಅಲ್ಲಿ ಸಿಗದು. ಇದು ಮಾರಾಟಕ್ಕಿಟ್ಟ ಪ್ರದರ್ಶನವಲ್ಲ, ಊರವರ ನಡೆ. ಫ್ಲಾಶ್ ಹಾಕದೆ, ದಾರಿ ಬಿಟ್ಟು ನಿಲ್ಲಿ.

ಪ್ರಶ್ನೆ: ವಾಪಸು ಯಾವ ದಿನ, ಎಲ್ಲಿಂದ ಹತ್ತುವುದು ಹಿತ? ಒಂದೆರಡು ಬಾಟಲಿ ತರಬಹುದೆ? (ಅಂಧೇರಿಯ ಓದುಗರು)

ಉತ್ತರ: ಬಾಟಲಿ ಬೇಡ. ಪರ್ಮಿಟ್ ಇಲ್ಲದೆ ಗೋವಾದ ಮದ್ಯ ಮಹಾರಾಷ್ಟ್ರಕ್ಕೆ ತರುವುದು ಅಪರಾಧ, ಗಾಡಿಯಲ್ಲಿ ಕುಡಿದು ಗಲಾಟೆ ಮಾಡುವುದು ಇನ್ನೊಂದು. ಗೋಡಂಬಿ, ಕೋಕಂ ತನ್ನಿ.

ಮರಳುವುದು ಬುಧವಾರಕ್ಕೆ ಇಟ್ಟುಕೊಂಡರೆ ಮಂಗಳವಾರ ರಾತ್ರಿಯ ಪಣಜಿಯ ಕೆಂಪು-ಕಪ್ಪು ಕುಣಿತವೂ ಸಿಗುತ್ತದೆ. ಅದು ಕ್ಲುಬ್ ನಾಸಿಯೊನಾಲ್‌ನದು, ಉಡುಪು ಆ ಎರಡು ಬಣ್ಣಗಳಲ್ಲೇ ಇರಬೇಕು. ಹತ್ತುವುದು ಮಾತ್ರ ಮಡಗಾಂವಲ್ಲಿ. ಮಾಂಡವಿ, ಕೊಂಕಣ ಕನ್ಯಾ ಎರಡೂ ಅಲ್ಲಿಂದಲೇ ಹೊರಡುವ ಗಾಡಿಗಳು, ಲಗೇಜು ನಿಧಾನವಾಗಿ ಸೀಟಿನಡಿ ತಳ್ಳಬಹುದು. ಕರ್ಮಳಿಯಲ್ಲಿ ನಿಲ್ಲುವುದು ಒಂದೆರಡು ನಿಮಿಷ. ಹದಿನಾಲ್ಕು ಜನ, ಇಪ್ಪತ್ತು ಬ್ಯಾಗು ಒಂದೇ ಬಾಗಿಲಲ್ಲಿ ಹತ್ತಲು ಅದು ಸಾಲದು. ಹಗಲು ಗಾಡಿಯಾದ ಮಾಂಡವಿಯಲ್ಲಿ ಬಂದರೆ ಜುವಾರಿ, ಮಾಂಡವಿ ಎರಡೂ ಹೊಳೆ ದಾಟುವುದನ್ನು, ರತ್ನಾಗಿರಿ ಬಳಿಯ ಎತ್ತರದ ಪಾನ್‌ವಲ್ ಸೇತುವೆಯನ್ನು ಬೆಳಕಿನಲ್ಲಿ ನೋಡಬಹುದು. ಸಮುದ್ರ ಕಾಣುವುದೆಂದು ಪಶ್ಚಿಮದ ಕಿಟಕಿಗೆ ಜಗಳವಾಡಬೇಡಿ, ಗೋವಾದಿಂದ ಮುಂಬಯಿಯ ತನಕ ಹಳಿ ಒಳನಾಡಿನಲ್ಲೇ ಸಾಗುತ್ತದೆ. ಮಧ್ಯಾಹ್ನದ ನಂತರ ಬಿಸಿಲೂ ಅದೇ ಕಿಟಕಿಗೆ.