ಹಳೆಯ ಮರದ ಬಾಗಿಲಿನ ಬಣ್ಣವನ್ನು ಘಾಟಿಲ್ಲದೆ ತೆಗೆಯುವುದು ಹೇಗೆ?

ಮೈಸೂರಿನ ಅಗ್ರಹಾರದ ಹಳೆಯ ಮನೆಯ ತೇಗದ ಬಾಗಿಲು, ಕಿಟಕಿಗಳ ಮೇಲೆ ಪದರ ಪದರವಾಗಿ ಕೂತಿರುವ ಎನಾಮೆಲ್ ಬಣ್ಣವನ್ನು ತೆಗೆಯಬೇಕಾಗಿದೆ, ಮನೆಯಲ್ಲಿ ಅಂಬೆಗಾಲಿಡುವ ಮಗುವೂ ಉಬ್ಬಸವಿರುವ ಅತ್ತೆಯವರೂ ಇದ್ದಾರೆ, ಘಾಟಿಲ್ಲದ ವಿಧಾನ ಯಾವುದು ಎಂದು ಕೇಳಿದ್ದೀರಿ. ಲಕ್ಷ್ಮೀಪುರಂನ ನಮ್ಮ ಮನೆಯಲ್ಲಿ ಇದೇ ಕೆಲಸ ನಡೆದಾಗ ಅರ್ಧದಷ್ಟನ್ನು ನಾನೇ ಮಾಡಿದ್ದರಿಂದ ಉತ್ತರಿಸುತ್ತಿದ್ದೇನೆ.

ವಾಸನೆಗಿಂತ ಮೊದಲು ಧೂಳಿನ ಬಗ್ಗೆ ಯೋಚಿಸಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎನಾಮೆಲ್‌ನಲ್ಲಿ ಸೀಸವಿದೆ ಎಂದೇ ತಿಳಿದು ಕೆಲಸ ಮಾಡುವುದು ಕ್ಷೇಮ. ಹೊಸ್ತಿಲಿಗೆ ಹಬ್ಬ ಹಬ್ಬಕ್ಕೂ ಬಳಿದ ಹಳದಿ ಮತ್ತು ಅದರ ಮೇಲಿನ ಕೆಂಪು ಪಟ್ಟೆಯ ಬಗ್ಗೆ ವಿಶೇಷ ಎಚ್ಚರವಿರಲಿ. ಹಳದಿ ಎನಾಮೆಲ್‌ಗೆ ಸೀಸದ ಕ್ರೋಮೇಟ್ ಬೆರೆಸುವುದು ರೂಢಿಯಲ್ಲಿತ್ತು, ಮಗುವಿನ ಕೈ ಮೊದಲು ತಾಗುವುದೂ ಅಲ್ಲಿಯೇ. ಆದ್ದರಿಂದ ಒಣ ಎಮರಿ ಪೇಪರಿನಲ್ಲಿ ಉಜ್ಜುವುದು, ಸ್ಯಾಂಡರ್ ಯಂತ್ರ ಹಿಡಿಯುವುದು, ಬ್ಲೋ ಲ್ಯಾಂಪಿನಿಂದ ಸುಡುವುದು ಇವು ಮೂರೂ ಬೇಡ.

ಘಾಟಿಲ್ಲದ್ದೆಲ್ಲ ನಿರಪಾಯಕಾರಿ ಎಂದು ಭಾವಿಸಬೇಡಿ. ಬಣ್ಣ ತೆಗೆಯಲು ಬಳಸುವ, ಮೂಗಿಗೆ ಹೊಡೆಯುವ ಹಳೆಯ ಬಗೆಯ ರಿಮೂವರ್‌ಗಳಲ್ಲಿರುವ ಮೀಥೈಲೀನ್ ಕ್ಲೋರೈಡ್ ಜೀವಕ್ಕೇ ಅಪಾಯವೆಂದು ಅಮೆರಿಕದಲ್ಲಿ 2019ರಲ್ಲಿ ಅದರ ಮನೆಬಳಕೆಯ ಮಾರಾಟವನ್ನೇ ನಿಷೇಧಿಸಿದರು. ಆದರೆ ವಾಸನೆಯೇ ಇಲ್ಲದಂಥ ಎನ್-ಮೀಥೈಲ್ ಪಿರೋಲಿಡೋನ್ ಕೂಡ ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲದು. ಡಬ್ಬಿಯ ಮೇಲೆ ಆ ಹೆಸರಿದ್ದರೆ ಕೊಳ್ಳಬೇಡಿ. ಪೇಂಟರುಗಳು ಸಾಮಾನ್ಯವಾಗಿ ಸೂಚಿಸುವ ಕಾಸ್ಟಿಕ್ ಸೋಡ ಅಗ್ಗ, ಘಾಟೂ ಇಲ್ಲ, ಆದರೆ ಕೈ ಸುಡುತ್ತದೆ, ತೇಗವನ್ನು ಕಪ್ಪಾಗಿಸುತ್ತದೆ. ಒಳ್ಳೆಯ ಮರಕ್ಕೆ ಅದನ್ನು ಮುಟ್ಟಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ನನಗೆ ಹಿಡಿಸಿದ್ದು ಹಬೆ. ಬಟ್ಟೆಗೆ ಹಬೆ ಹಿಡಿಯುವ ಸಾಧಾರಣ ಸ್ಟೀಮರನ್ನು ಒಂದೇ ಜಾಗದಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ ಹಿಡಿದರೆ ಬಣ್ಣ ಮೆತ್ತಗಾಗಿ ಗುಳ್ಳೆ ಏಳುತ್ತದೆ. ಆಗ ಪಟ್ಟಿ ಬ್ಲೇಡನ್ನು (ಪೇಂಟರುಗಳು ಪುಟ್ಟಿ ಹಚ್ಚುವ ಚಪ್ಪಟೆ ಅಲಗು) ಬಹುಮಟ್ಟಿಗೆ ಮಲಗಿಸಿ, ಮರದ ಎಳೆಯ ದಿಕ್ಕಿನಲ್ಲೇ ತಳ್ಳಿದರೆ, ಹಸಿರು, ಕೆನೆ, ನೀಲಿ ಎಂದು ಮನೆಯ ಹಿಂದಿನ ಬಣ್ಣಗಳೆಲ್ಲ ಒಂದರ ಮೇಲೊಂದು ಅಂಟಿಕೊಂಡೇ ಸುರುಳಿಯಾಗಿ ಬರುತ್ತವೆ. ಬಣ್ಣ ಒದ್ದೆಯಾಗಿರುವುದರಿಂದ ಧೂಳೂ ಏಳುವುದಿಲ್ಲ. ಹಳೆಯ ಬಾಗಿಲುಗಳಿಗೆ ಮೊದಲು ಅರಗಿನ ಪಾಲಿಶ್ ಹೊಡೆದಿದ್ದರೆ ಅದರ ಮೇಲಿನ ಎನಾಮೆಲ್ ಇನ್ನೂ ಸುಲಭವಾಗಿ ಬಿಡುತ್ತದೆ. 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಆರಂಭವಾದ ಮೈಸೂರಿನಲ್ಲಿ ಅಂಥ ಪಾಲಿಶ್ ಸಿಕ್ಕರೆ ಆಶ್ಚರ್ಯವಿಲ್ಲ. ಕಿಟಕಿಯ ಗಾಜಿನ ಹತ್ತಿರ ಮಾತ್ರ ಹಬೆ ಬೇಡ, ಬಿಸಿಗೆ ಸೀಳುತ್ತದೆ. ಪ್ಲೈವುಡ್ಡಿಗೂ ಬೇಡ, ಅಂಟು ಬಿಡುತ್ತದೆ.

ಬಾಗಿಲವಾಡದ ಕೆತ್ತನೆ, ಸರಳುಗಳ ಬುಡ ಇಂಥ ಕಡೆ ಬ್ಲೇಡು ಹೋಗುವುದಿಲ್ಲ. ಅಲ್ಲಿಗೆ ಸೋಯಾ ಎಣ್ಣೆಯ ಅಂಶದಿಂದ ತಯಾರಾದ ಅಥವಾ ಬೆಂಜೈಲ್ ಆಲ್ಕೋಹಾಲ್ ಇರುವ ಜೆಲ್ ಸೂಕ್ತ. ಮಾಮೂಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದಿದ್ದರೆ ಆನ್‌ಲೈನಿನಲ್ಲಿ ತರಿಸಬೇಕು, ಬೆಲೆಯೂ ಹೆಚ್ಚು. ದಪ್ಪಗೆ ಬಳಿದು, ಒಣಗದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಸೋಪಿನ ನೀರಿನಲ್ಲಿ ಚೆನ್ನಾಗಿ ಒರೆಸದಿದ್ದರೆ ಉಳಿದ ಜಿಡ್ಡಿನ ಮೇಲೆ ಹೊಸ ಪಾಲಿಶ್ ಹಿಡಿಯುವುದಿಲ್ಲ. ಘಾಟು ಕಡಿಮೆಯಾದರೂ ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ.

ಕೆಲಸ ಮುಗಿಯುವವರೆಗೆ ಮಗುವನ್ನೂ ಅತ್ತೆಯವರನ್ನೂ ಬೇರೆ ಮನೆಯಲ್ಲಿರಿಸಿದರೆ ಉತ್ತಮ. ಆಗದಿದ್ದರೆ ತೆಗೆಯಬಹುದಾದ ಬಾಗಿಲುಗಳನ್ನು ಕೀಲು ಬಿಚ್ಚಿ ಹಿತ್ತಲಿಗೆ ಸಾಗಿಸಿ. ಮಳೆಗಾಲಕ್ಕಿಂತ ಮಾರ್ಚಿ, ಏಪ್ರಿಲ್ ಅನುಕೂಲ, ಏಕೆಂದರೆ ಒದ್ದೆಯಾದ ಮರ ಬೇಗ ಆರುತ್ತದೆ. ಕೆರೆದ ಚಕ್ಕೆಗಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು, ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮನೆಯ ಅಪಾಯಕಾರಿ ಕಸವೆಂದು ಪಾಲಿಕೆಯವರಿಗೆ ಪ್ರತ್ಯೇಕವಾಗಿ ಕೊಡಿ. ಬಚ್ಚಲು ಒಲೆಗೆ ಹಾಕಿದರೆ ಸೀಸವೆಲ್ಲ ಹೊಗೆಯಲ್ಲೂ ಬೂದಿಯಲ್ಲೂ ಮನೆಯೊಳಗೇ ಉಳಿಯುತ್ತದೆ.