ಪುಟ್ಟ ಉಗಿ ಎಂಜಿನ್ನಿಗೆ ಯಾವ ಸದ್ದು?

ಪ್ರಶ್ನೆ: ಮೇಡಂ, ಮಹಡಿ ಕೋಣೆಯಲ್ಲಿ ಎಚ್‌ಒ ಅಳತೆಯ ಚಿಕ್ಕ ಮಾದರಿ ರೈಲಿನ ಹಳಿ ಹಾಕಿದ್ದೇನೆ. ಅಮೆರಿಕದಲ್ಲಿರುವ ತಂಗಿ ಊರಿಗೆ ಬರುವಾಗ ಒಂದು ಉಗಿ ಎಂಜಿನ್ ತರುತ್ತೇನೆ ಎಂದಿದ್ದಾಳೆ. ಬ್ರಾಡ್‌ವೇ ಲಿಮಿಟೆಡ್‌ನವರ ಪ್ಯಾರಗಾನ್, ಬಾಕ್‌ಮನ್‌ನವರ ಸೌಂಡ್ ವ್ಯಾಲ್ಯೂ, ಎರಡರಲ್ಲೂ ಸದ್ದು ಬರುತ್ತದಂತೆ. ಗೆಳೆಯನೊಬ್ಬ, ಸದ್ದಿಲ್ಲದ ಎಂಜಿನ್ ತರಿಸಿ ಆಮೇಲೆ ಲೋಕ್‌ಸೌಂಡ್ ಅಥವಾ ಸುನಾಮಿ ಡಿಕೋಡರ್ (ಮೋಟಾರು, ಸದ್ದು ಎರಡನ್ನೂ ನಡೆಸುವ ಪುಟ್ಟ ಸರ್ಕ್ಯೂಟ್) ಹಾಕಿಕೋ ಅನ್ನುತ್ತಾನೆ. ಫೋನಿನಲ್ಲಿ ವಿಡಿಯೋ ಹಾಕಿ ಕೇಳಿದರೆ ಎಲ್ಲವೂ ಒಂದೇ ಥರ. ಯಾವುದನ್ನು ಆರಿಸಲಿ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಮೊದಲು ಒಂದು ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರ್‌ನಲ್ಲಿ ಎಲ್ಲ ಎಂಜಿನ್ನೂ ಫೋನಿನ ದನಿಯಲ್ಲೇ ಮಾತಾಡುತ್ತದೆ.

ನನ್ನ ಅಪ್ಪ ಹುಬ್ಬಳ್ಳಿ ಶೆಡ್ಡಿನಲ್ಲಿ ಫೈರ್‌ಮನ್ ಆಗಿದ್ದರು. ಮೀಟರ್‌ಗೇಜಿನ ವೈಪಿ ಎಂಜಿನ್ನುಗಳ ಕಾಲ. ನಮ್ಮ ಕ್ವಾರ್ಟರ್ಸಿಗೆ ಹಳಿ ಹತ್ತಿರ. ರಾತ್ರಿ ಗಾಡಿ ಹೊರಟರೆ ಅಪ್ಪ ಮಲಗಿದಲ್ಲೇ ‘ಲೋಡ್ ಭಾಳ ಐತಿ’ ಅನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ‘ಈಗ ನಾಚ್ ಎಳದ ನೋಡು’ ಅನ್ನುತ್ತಿದ್ದರು. ಗಾಡಿ ಕಣ್ಣಿಗೆ ಕಾಣುತ್ತಿರಲಿಲ್ಲ. ಎಲ್ಲ ಕಿವಿಯಿಂದಲೇ ಗೊತ್ತಾಗುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ನನ್ನ ಮೊದಲ ಸದ್ದಿನ ಎಂಜಿನ್ನನ್ನು ಅವರ ಮುಂದೆ ಓಡಿಸಿದೆ. ಹಿಂದೆ ಎರಡೇ ಬೋಗಿ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಮಾತು: ‘ಖಾಲಿ ಗಾಡಿ, ಇಷ್ಟ್ಯಾಕ ಒದರಾಕತ್ತೈತಿ?’

ಅವತ್ತಿನಿಂದ ನಾನು ಸದ್ದಿನ ಎಂಜಿನ್ನುಗಳನ್ನು ಅಳೆಯುವುದು ಈ ಒಂದು ಮಾತಿನಿಂದಲೇ. ಸಿಳ್ಳೆ ಎಷ್ಟು ಚೆಂದ ಅನ್ನುವುದು ಆಮೇಲೆ. ಎಂಜಿನ್ ಪಡುತ್ತಿರುವ ಕಷ್ಟ ಸದ್ದಿನಲ್ಲಿ ಕೇಳುತ್ತದಾ? ಅದು ಮೊದಲು.

ನಿಜವಾದ ಎಂಜಿನ್ನಿನಲ್ಲಿ ಏನಾಗುತ್ತದೆ ನೋಡಿ. ಗಾಡಿ ಹೊರಡುವಾಗ ಪಿಸ್ಟನ್ ಓಡುವ ದಾರಿಯ ಬಹುಪಾಲು ಉಗಿ ಒಳಗೆ ನುಗ್ಗುತ್ತಲೇ ಇರುತ್ತದೆ. ಹೊರಬರುವಾಗ ಆ ಉಗಿಗೆ ಇನ್ನೂ ಜೋರಿರುತ್ತದೆ. ಅದಕ್ಕೇ ಚಿಮಣಿಯಿಂದ ‘ಭುಸ್... ಭುಸ್...’ ಅಂತ ಒಡೆದಂತೆ ಸದ್ದು. ವೇಗ ಹಿಡಿದ ಮೇಲೆ ಡ್ರೈವರ್ ರಿವರ್ಸರ್ ಅನ್ನು (ಉಗಿ ಎಷ್ಟು ಹೊತ್ತು ಒಳಗೆ ಬರಬೇಕು ಅನ್ನುವುದನ್ನು ಹಿಡಿತದಲ್ಲಿಡುವ ಹಿಡಿಕೆ) ನಡುವಿನ ಕಡೆಗೆ ತರುತ್ತಾನೆ. ಅಪ್ಪ ಹೇಳುತ್ತಿದ್ದ ನಾಚ್ ಎಳೆಯುವುದು ಇದೇ. ಆಗ ಉಗಿ ಬೇಗ ನಿಲ್ಲುತ್ತದೆ, ಒಳಗೇ ಹಿಗ್ಗಿ ಕೆಲಸ ಮಾಡುತ್ತದೆ, ಸುಸ್ತಾಗಿ ಹೊರಬರುತ್ತದೆ. ಸದ್ದು ಮೆತ್ತಗಾಗುತ್ತದೆ. ಇಳಿಜಾರಿನಲ್ಲಿ ಉಗಿ ಬಿಡುವ ರೆಗ್ಯುಲೇಟರ್ ಮುಚ್ಚಿದರೆ ಭುಸ್ ಹೆಚ್ಚುಕಡಿಮೆ ಸತ್ತೇ ಹೋಗುತ್ತದೆ, ರಾಡುಗಳ ಕಟಕಟ ಮಾತ್ರ ಉಳಿಯುತ್ತದೆ.

ಈಗ ನೀವು ಕೇಳಿದ ಹೆಸರುಗಳು.

ಸುನಾಮಿ ಮಾಡುವ ಸೌಂಡ್‌ಟ್ರ್ಯಾಕ್ಸ್ ಕಂಪನಿ ಇರುವುದು ಅಮೆರಿಕದ ಕೊಲರಾಡೋದ ಡುರಾಂಗೋ ಊರಿನಲ್ಲಿ. 1882ರಲ್ಲಿ ಸಿಲ್ವರ್‌ಟನ್ ಮುಟ್ಟಿದ 3 ಅಡಿ ಗೇಜಿನ ಹಳಿಯ ಮೇಲೆ ಇವತ್ತಿಗೂ ಉಗಿ ಗಾಡಿ ಹೊರಡುವ ಊರು ಅದು. ಅಲ್ಲಿಯವರಿಗೆ ಕಿವಿ ಚೆನ್ನಾಗಿರುವುದು ಆಶ್ಚರ್ಯವಲ್ಲ ಅಲ್ವಾ? ಸುನಾಮಿ ಡಿಕೋಡರ್ ಮೋಟಾರಿನ ಮೇಲೆ ಬೀಳುವ ಭಾರವನ್ನು ಗಮನಿಸುತ್ತದೆ. ಏರಿಗೆ ಭುಸ್ ಜೋರಾಗುತ್ತದೆ, ಇಳಿಜಾರಿಗೆ ತಗ್ಗುತ್ತದೆ. ಸಿಳ್ಳೆ, ಗಂಟೆ, ಪಂಪುಗಳು ಬೇಕಾದಷ್ಟು ಅದರೊಳಗೇ ಇವೆ, ಆರಿಸಿಕೊಳ್ಳಬಹುದು. ಆದರೆ ನೀವೇ ರೆಕಾರ್ಡ್ ಮಾಡಿದ ಸದ್ದನ್ನು ಒಳಗೆ ತುಂಬಲು ಆಗುವುದಿಲ್ಲ.

ತುಂಬಬಹುದಾದದ್ದು ಲೋಕ್‌ಸೌಂಡ್. ಜರ್ಮನಿಯ ಇಎಸ್‌ಯು ಕಂಪನಿಯದು. ಲೋಕ್‌ಪ್ರೋಗ್ರಾಮರ್ ಎಂಬ ಡಬ್ಬಿ ಮತ್ತು ಒಂದು ಕಂಪ್ಯೂಟರ್ ಇದ್ದರೆ ಒಳಗಿನ ಸದ್ದನ್ನು ಪೂರ್ತಿ ಅಳಿಸಿ ಹೊಸದನ್ನು ಬರೆಯಬಹುದು. ಲೋಕ್‌ಸೌಂಡ್ 5ರಲ್ಲಿ ಒಂದೇ ಹೊತ್ತಿಗೆ 10 ಸದ್ದು ಕೇಳಿಸಬಹುದು. ಇದೂ ಭಾರ ನೋಡಿ ದನಿ ಬದಲಿಸುತ್ತದೆ. ಆದರೆ ಮೊದಲು ಮೋಟಾರಿನ ಪರಿಚಯ ಮಾಡಿಸಬೇಕು. ಸಿವಿ 54ಕ್ಕೆ (ಸಿವಿ ಅಂದರೆ ಡಿಕೋಡರಿನ ನಂಬರು ಹಾಕಿದ ಸೆಟ್ಟಿಂಗ್) 0 ಬರೆದು, ಎಂಜಿನ್ನಿನ ಮುಂದೆ ಉದ್ದದ ನೇರ ಹಳಿ ಬಿಟ್ಟು, ಕಂಟ್ರೋಲರ್‌ನ ಎಫ್1 ಗುಂಡಿ ಒತ್ತಿ. ಎಂಜಿನ್ ಒಮ್ಮೆ ಜೋರಾಗಿ ಮುನ್ನುಗ್ಗಿ ನಿಂತು, ಮೋಟಾರಿನ ಲೆಕ್ಕವನ್ನು ತಾನೇ ಹಿಡಿದುಕೊಳ್ಳುತ್ತದೆ. ಹಳಿ ಮುಗಿಯುವ ಜಾಗದಲ್ಲಿ ದಿಂಬು ಇಡಿ.

ಪ್ಯಾರಗಾನ್ ಡಬ್ಬಿಯಿಂದ ತೆಗೆದ ತಕ್ಷಣ ಓಡಿಸುವವರಿಗೆ. ಡಿಸಿಸಿಗೂ (ಹಳಿಯ ಮೂಲಕ ಎಂಜಿನ್ನಿಗೆ ಡಿಜಿಟಲ್ ಆಜ್ಞೆ ಕಳಿಸುವ ವ್ಯವಸ್ಥೆ) ಸರಿ, ಹಳಿಯ ವೋಲ್ಟೇಜ್ ಏರಿಳಿಸಿ ಓಡಿಸುವ ಹಳೆಯ ಡಿಸಿ ಕಂಟ್ರೋಲರ್‌ಗೂ ಸರಿ. ಪ್ಯಾರಗಾನ್ 3ರಲ್ಲಿ ಒಂದು ವಿಶೇಷವಿದೆ: ಮೇಜಿನ ಕೆಳಗೆ ದೊಡ್ಡ ಸ್ಪೀಕರ್ ಇಟ್ಟರೆ ಗುಡುಗಿನಂಥ ದಪ್ಪ ಸದ್ದನ್ನು ಅದಕ್ಕೆ ತಂತಿಯಿಲ್ಲದೆ ಕಳಿಸುತ್ತದೆ. ಚಿಕ್ಕ ಕೋಣೆಯಲ್ಲಿ ನನಗೆ ಅದು ಇಷ್ಟವಾಗಲಿಲ್ಲ. ಎಂಜಿನ್ ಬಾಗಿಲ ಹತ್ತಿರ ಇರುತ್ತದೆ, ಗುಡುಗು ಕಿಟಕಿ ಹತ್ತಿರ. ಸೌಂಡ್ ವ್ಯಾಲ್ಯೂ ಎಂಜಿನ್ನುಗಳಲ್ಲಿ ಇರುವುದು ಸೌಂಡ್‌ಟ್ರ್ಯಾಕ್ಸ್‌ನವರದ್ದೇ ಡಿಕೋಡರ್, ಆದರೆ ಬೆಲೆ ಇಳಿಸಲು ಸೌಲಭ್ಯ ಕಡಿಮೆ ಮಾಡಿದ್ದಾರೆ. ಸುನಾಮಿಯಲ್ಲಿ ಇರುವಷ್ಟು ಬದಲಾವಣೆ ಇದರಲ್ಲಿ ಆಗದು.

ನಿಮ್ಮ ಕಂಟ್ರೋಲರ್ ಯಾವುದು ಅಂತ ಬರೆದಿಲ್ಲ. ಡಿಸಿ ಆಗಿದ್ದರೆ ಒಂದು ವಿಷಯ ತಿಳಿದಿರಲಿ. ಹಳಿಯಲ್ಲಿ ಕರೆಂಟ್ ಇಲ್ಲದಾಗ ಎಂಜಿನ್ ಮೂಕ. ಸ್ಟೇಷನ್ನಿನಲ್ಲಿ ನಿಂತು ಉಸಿರಾಡುವ ಸುಖ ಪೂರ್ತಿ ಬೇಕಾದರೆ ಡಿಸಿಸಿಯೇ ಸರಿ. ಅದರಲ್ಲಿ ಹಳಿಗೆ ಸದಾ ವೋಲ್ಟೇಜ್ ಇರುತ್ತದೆ. ನಿಂತ ಎಂಜಿನ್ನಿನ ಸದ್ದೇ ಅರ್ಧ ಚೆಂದ.

ನನ್ನ ಸಲಹೆ ಹೀಗೆ. ಬೆಸುಗೆ ಕಡ್ಡಿ ಹಿಡಿದು ಅಭ್ಯಾಸ ಇಲ್ಲದಿದ್ದರೆ ಪ್ಯಾರಗಾನ್ ತರಿಸಿ. ಅಭ್ಯಾಸ ಇದ್ದರೆ ಗೆಳೆಯನ ಮಾತು ಕೇಳಿ. ಅಮೆರಿಕದ ಎಂಜಿನ್ನನ್ನು ಅಮೆರಿಕದ್ದಾಗಿಯೇ ಓಡಿಸುವುದಾದರೆ ನನ್ನ ಆಯ್ಕೆ ಸುನಾಮಿ. ನಮ್ಮ ರೈಲಿನ ದನಿ ಬೇಕಾದರೆ ಲೋಕ್‌ಸೌಂಡ್. ವಿಡಿಯೋ ನೋಡುವಾಗ ಎಂಜಿನ್ ಒಂಟಿಯಾಗಿ ಓಡುವುದನ್ನು ಬಿಟ್ಟುಬಿಡಿ. ಬೋಗಿ ಕಟ್ಟಿಕೊಂಡು ಏರು ಹತ್ತುವುದನ್ನು ಹುಡುಕಿ ಕೇಳಿ.

ಪ್ರಶ್ನೆ: ಟೆಂಡರ್‌ನೊಳಗೆ (ಎಂಜಿನ್ನಿನ ಹಿಂದಿನ ಇಂಧನ-ನೀರಿನ ಗಾಡಿ) ಸ್ಪೀಕರ್ ಇಟ್ಟು ಡಿಕೋಡರ್ ಜೋಡಿಸಿದೆ. ಸದ್ದು ಸೊಳ್ಳೆ ಗುಂಯ್‌ಗುಟ್ಟಿದಂತಿದೆ. ವಾಲ್ಯೂಮ್ ಏರಿಸಿದರೆ ಒಡೆಯುತ್ತದೆ. ಡಿಕೋಡರ್ ಬದಲಿಸಬೇಕೇ?
– ಒಬ್ಬ ಓದುಗರು, ಮೈಸೂರು

ಉತ್ತರ: ಬೇಡ. ಸ್ಪೀಕರಿಗೆ ಒಂದು ಡಬ್ಬಿ ಮಾಡಿಕೊಡಿ. ಸ್ಪೀಕರಿನ ಹಾಳೆ ಮುಂದಕ್ಕೆ ತಳ್ಳಿದಾಗ ಹಿಂದಿನ ಗಾಳಿ ಎಳೆಯಲ್ಪಡುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ದಪ್ಪ ಸದ್ದೇ ಮೊದಲು ಹೋಗುತ್ತದೆ. ಉಳಿಯುವುದು ಸೊಳ್ಳೆ.

ನಾನು ಕೊಂಡ ಒಂದು ಹಳೆಯ ಎಂಜಿನ್ನಿನಲ್ಲೂ ಹೀಗೇ ಇತ್ತು. ಸ್ಪೀಕರನ್ನು ಸುಮ್ನೆ ಟೇಪಿನಲ್ಲಿ ಅಂಟಿಸಿದ್ದರು. ಮೊಬೈಲಿನಲ್ಲಿ ಇರುವಂಥ ಚೌಕ ಸ್ಪೀಕರ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಕ್ಕಿತು. 11 ಮಿ.ಮೀ. ಅಗಲ, 15 ಮಿ.ಮೀ. ಉದ್ದ, 8 ಓಮ್. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಹಿಂದೆ ಗೂಡು ಮಾಡಿ, ತಂತಿ ಬರುವ ತೂತನ್ನೂ ಎಂ-ಸೀಲ್‌ನಿಂದ ಮುಚ್ಚಿದೆ. ಅದೇ ಡಿಕೋಡರ್, ಅದೇ ಎಂಜಿನ್. ಎದೆಯಿಂದ ಬಂದ ದನಿಯಾಯಿತು. ಹೊಸ ಡಿಕೋಡರಿಗೆ ದುಡ್ಡು ಹಾಕುವ ಮೊದಲು ಈ ಕೆಲಸ ಮಾಡಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಇನ್ನೊಂದು ಮಾತು. ಇಷ್ಟು ಚಿಕ್ಕ ಸ್ಪೀಕರಿಗೆ ತೀರಾ ದಪ್ಪ ಸದ್ದು ಹೊರಡಿಸುವ ಶಕ್ತಿ ಇಲ್ಲ. ಬಾಸ್ ಏರಿಸಿದರೆ ಅದು ಒದ್ದಾಡಿ ಒಡೆಯುತ್ತದೆ. ಸುನಾಮಿ 2ರಲ್ಲಿ ಈಕ್ವಲೈಜರ್ ಇದೆ. ಎಲ್ಲಕ್ಕಿಂತ ಕೆಳಗಿನ ಪಟ್ಟಿಯನ್ನು ಇಳಿಸಿ. ಉಳಿದದ್ದು ತಿಳಿಯಾಗುತ್ತದೆ. ಒಟ್ಟು ವಾಲ್ಯೂಮ್ ಲೋಕ್‌ಸೌಂಡ್‌ನಲ್ಲಿ ಸಿವಿ 63, ಸುನಾಮಿ 2ರಲ್ಲಿ ಸಿವಿ 128. ಅರ್ಧಕ್ಕಿಂತ ಕೆಳಗೇ ಇಡಿ.

ಪ್ರಶ್ನೆ: ಚಕ್ರಕ್ಕೂ ಭುಸ್‌ಗೂ ತಾಳ ಕೂಡುತ್ತಿಲ್ಲ. ಒಂದು ಸುತ್ತಿಗೆ ಎಷ್ಟು ಬರಬೇಕು?
– ಒಬ್ಬ ಓದುಗರು, ಸಾಗರ

ಉತ್ತರ: ಎರಡು ಸಿಲಿಂಡರ್ ಇದ್ದರೆ 4. ಪಿಸ್ಟನ್ನಿನ ಎರಡೂ ಕಡೆ ಉಗಿ ಕೆಲಸ ಮಾಡುವುದರಿಂದ ಸಿಲಿಂಡರಿಗೆ ಎರಡೆರಡು. ಮೂರು ಸಿಲಿಂಡರಿನದಾದರೆ ಸಾಮಾನ್ಯವಾಗಿ 6. ದೊಡ್ಡ ಚಕ್ರದ ಮೇಲೆ ಬಿಳಿ ಕಾಗದದ ಚುಕ್ಕೆ ಅಂಟಿಸಿ, ಎಲ್ಲಕ್ಕಿಂತ ನಿಧಾನದ ವೇಗದಲ್ಲಿ ಬಿಟ್ಟು ಎಣಿಸಿ. ಲೋಕ್‌ಸೌಂಡ್ ಆದರೆ ಸಿವಿ 57ರಲ್ಲಿ ಮೊದಲ ವೇಗದ ತಾಳ ಸರಿಮಾಡಿ, ಆಮೇಲೆ ಸಿವಿ 58ರಲ್ಲಿ ಮೇಲಿನ ವೇಗದ್ದು. ಆದರೆ ಇದು ಅಂದಾಜಿನ ತಾಳ. ಪಕ್ಕಾ ಬೇಕಾದರೆ ಆಕ್ಸಲ್‌ಗೆ ಆಯಸ್ಕಾಂತ ಅಂಟಿಸಿ, ಅದು ಹಾದಾಗ ಗುರುತಿಸುವ ಹಾಲ್ ಸೆನ್ಸರ್ ಹಾಕಬೇಕು. 1970ರ ದಶಕದಲ್ಲಿ ಪಿಎಫ್‌ಎಂ ಎಂಬ ಅಮೆರಿಕದ ಕಂಪನಿ ಸದ್ದನ್ನು ಕಂಟ್ರೋಲ್ ಡಬ್ಬಿಯಲ್ಲಿ ಹುಟ್ಟಿಸಿ ಹಳಿಯ ಮೂಲಕ ಟೆಂಡರಿಗೆ ಕಳಿಸುತ್ತಿತ್ತು. ಆಗಲೂ ತಾಳಕ್ಕೆ ಆಕ್ಸಲ್ ಮೇಲೇ ಚಕ್ರದೊಂದಿಗೆ ಸುತ್ತುವ ಒಂದು ಕ್ಯಾಮ್ ಇಟ್ಟಿದ್ದರು.

ಹೆಚ್ಚಿನ ವೇಗದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ವೈಪಿಯ ದೊಡ್ಡ ಚಕ್ರ 4 ಅಡಿ 6 ಅಂಗುಲ. ಒಂದು ಸುತ್ತಿಗೆ ಸುಮಾರು 4.3 ಮೀಟರ್ ಓಡುತ್ತದೆ. ಗಂಟೆಗೆ 15 ಕಿ.ಮೀ.ನಲ್ಲಿ ಸೆಕೆಂಡಿಗೆ ಸುಮಾರು 4 ಭುಸ್, ಕಿವಿ ಎಣಿಸಬಲ್ಲದು. 60 ಕಿ.ಮೀ.ನಲ್ಲಿ ಸೆಕೆಂಡಿಗೆ 15ಕ್ಕೂ ಹೆಚ್ಚು. ಅಲ್ಲಿ ಯಾರಿಗೂ ಎಣಿಸಲು ಆಗದು.

ಪ್ರಶ್ನೆ: ಲೋಕ್‌ಸೌಂಡ್‌ಗೆ ನಮ್ಮ ದೇಶದ ಉಗಿ ಎಂಜಿನ್ನಿನ ಸದ್ದು ತುಂಬುವ ಆಸೆ. ಊಟಿ ರೈಲಿನ ಸದ್ದು ರೆಕಾರ್ಡ್ ಮಾಡಿದರೆ ವೈಪಿಗೆ ಹೊಂದುತ್ತದೆಯೇ?
– ಒಬ್ಬ ಓದುಗರು, ಧಾರವಾಡ

ಉತ್ತರ: ನಾನೂ ಇದೇ ಆಸೆಯಿಂದ ಊಟಿ ರೈಲು ಹೊರಡುವ ಮೆಟ್ಟುಪಾಳ್ಯಂಗೆ ಹೋಗಿದ್ದೆ. ಸಿಳ್ಳೆ ಸಿಕ್ಕಿತು, ಭುಸ್ ಸಿಗಲಿಲ್ಲ. ಅಲ್ಲಿಯ ಎಕ್ಸ್ ಕ್ಲಾಸ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಎರಡು ಸಾಮಾನ್ಯ ಚಕ್ರಕ್ಕೆ, ಎರಡು ಹಲ್ಲಿನ ಹಳಿ ಹತ್ತುವ ಗಾಲಿಗೆ. ಕಲ್ಲಾರ್ ಸ್ಟೇಷನ್ ದಾಟಿ ಏರು ಶುರುವಾದ ಮೇಲೆ ಮೊದಲಿನ ಸಿಲಿಂಡರಿನ ಉಗಿಯೇ ಎರಡನೆಯದಕ್ಕೆ ಹೋಗುತ್ತದೆ. ಅದರ ಉಸಿರೇ ಬೇರೆ. ಎಣ್ಣೆಯಲ್ಲಿ ಉರಿಯುವ ಎಂಜಿನ್ನಾದರೆ ಬರ್ನರ್‌ನ ಮೊರೆತವೂ ಸೇರುತ್ತದೆ.

ಡಾರ್ಜಿಲಿಂಗ್‌ನ ಬಿ ಕ್ಲಾಸ್ ವಾಸಿ. ಎಂಜಿನ್ ಪುಟ್ಟದು, ಆದರೆ ಎರಡೇ ಸಿಲಿಂಡರ್. ಏರಿನಲ್ಲಿ ನಿಧಾನವಾಗಿ ಹೋಗುವಾಗ ಹಿಡಿದು, ಒಂದೊಂದು ಭುಸ್ ಬೇರೆ ಬೇರೆ ಕತ್ತರಿಸಿಕೊಳ್ಳಿ. ಅವುಗಳ ನಡುವಿನ ಅಂತರವನ್ನು ಡಿಕೋಡರ್ ನೋಡಿಕೊಳ್ಳುತ್ತದೆ. ಜೋರಿನದು, ಮಧ್ಯಮದ್ದು, ಮೆತ್ತಗಿನದು ಮೂರೂ ಬೇಕು.

ಮತ್ತೆ, ಅಮೆರಿಕದ ಸದ್ದಿನ ಫೈಲಿನಲ್ಲಿ ಗಂಟೆ ಮತ್ತು ಏರ್ ಪಂಪಿನ ‘ಧಡ್ ಧಡ್’ ಇರುತ್ತವೆ. ಅವೆರಡನ್ನೂ ತೆಗೆದುಬಿಡಿ. ವೈಪಿಯ ಗಾಡಿಗಳಿಗೆ ಇದ್ದದ್ದು ವ್ಯಾಕ್ಯೂಮ್ ಬ್ರೇಕ್. ನಿಂತಾಗ ಕೇಳುತ್ತಿದ್ದದ್ದು ಬ್ರೇಕ್ ಪೈಪಿನಿಂದ ಗಾಳಿ ಎಳೆಯುವ ಎಜೆಕ್ಟರ್‌ನ ಎಡೆಬಿಡದ ‘ಸ್‌ಸ್‌ಸ್’. ನಮ್ಮ ಕ್ವಾರ್ಟರ್ಸಿನ ಕಿಟಕಿಯಲ್ಲಿ ರಾತ್ರಿಯೆಲ್ಲ ಬರುತ್ತಿದ್ದ ಸದ್ದು ಅದು. ಅದನ್ನು ಮೊದಲು ಹಾಕಿ, ಭುಸ್ ಆಮೇಲೆ.